ಜಾಡಮಾಲಿ ಎಂಬ ಹೊಗಳಿಕೆ

ಎರಡು ವರ್ಷದ ಹಿಂದೆ, ಸೆಪ್ಟೆಂಬರಿನ ಮೊದಲ ಶನಿವಾರ, ಒಂದು ಕಾಲೇಜಿನಲ್ಲಿ ರಣಹದ್ದುಗಳ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದರು. ಆ ದಿನವನ್ನು ರಣಹದ್ದು ಜಾಗೃತಿ ದಿನವೆಂದು ಹಲವು ದೇಶಗಳಲ್ಲಿ ಆಚರಿಸುತ್ತಾರೆ. ನಾನು ಪಕ್ಷಿತಜ್ಞೆಯಲ್ಲ. ಮೈಸೂರಿನಲ್ಲಿ ತತ್ವಶಾಸ್ತ್ರದ ಪಿಎಚ್.ಡಿ. ಮಾಡುತ್ತಿರುವವಳು. ಪರಿಸರ ನೀತಿಶಾಸ್ತ್ರ ನನ್ನ ಸಂಶೋಧನೆಯ ವಿಷಯ ಎಂಬ ಒಂದೇ ಕಾರಣಕ್ಕೆ ಕರೆದಿದ್ದರು, ನಾನೂ ಒಪ್ಪಿದ್ದೆ. ಸ್ಲೈಡುಗಳನ್ನು ತೋರಿಸಿ, ಅಂಕಿಅಂಶ ಹೇಳಿ, ಕೊನೆಗೆ ಎಲ್ಲರೂ ಹೇಳುವ ಮಾತನ್ನೇ ನಾನೂ ಹೇಳಿದೆ: ‘ರಣಹದ್ದು ಪ್ರಕೃತಿಯ ಜಾಡಮಾಲಿ. ಅದನ್ನು ಅಸಹ್ಯಪಡಬೇಡಿ, ಗೌರವಿಸಿ.’ ಚಪ್ಪಾಳೆ ಜೋರಾಗಿಯೇ ಬಿತ್ತು.

ಸಂಜೆ ಬಸ್ಸು ಹಿಡಿದು ಪಿರಿಯಾಪಟ್ಟಣದ ಹತ್ತಿರದ ನಮ್ಮೂರಿಗೆ ಹೋದೆ. ತಾತ ಜಗಲಿಯ ಮೇಲೆ ಎಲೆಅಡಿಕೆ ಕುಟ್ಟಿಕೊಳ್ಳುತ್ತಾ ಕೂತಿದ್ದರು. ಏನು ಭಾಷಣ ಮಾಡಿದೆ ಎಂದು ಕೇಳಿದರು. ಹೇಳಿದೆ.

‘ಜಾಡಮಾಲಿ ಅಂದ್ಯಾ?’

‘ಹ್ಞೂಂ ತಾತ.’

ಸ್ವಲ್ಪ ಹೊತ್ತು ಕುಟ್ಟುವುದನ್ನು ನಿಲ್ಲಿಸಿದರು. ಆಮೇಲೆ ಹೇಳಿದರು: ‘ನಮ್ಮುನ್ನೂವೆ ಅಂಗೇ ಅಂತಿದ್ರು ಕನವ್ವ. ಯಾರೂ ಚಪ್ಪಾಳೆ ತಟ್ತಿರ್ನಿಲ್ಲ.’

ಈ ಬರಹ ಶುರುವಾದದ್ದು ಅಲ್ಲಿ. ತಾತ ತಮಾಷೆ ಮಾಡಿದರೋ, ನೊಂದುಕೊಂಡರೋ ನನಗೆ ಈಗಲೂ ತಿಳಿದಿಲ್ಲ. ಆದರೆ ನನ್ನ ಭಾಷಣದಲ್ಲಿ ಏನೋ ತಪ್ಪಿದೆ ಎಂಬುದು ಆ ಕ್ಷಣಕ್ಕೇ ಗೊತ್ತಾಯಿತು. ಏನು ತಪ್ಪು ಎಂದು ಬಿಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು.

*

ನಮ್ಮ ತಾತ ಹರೆಯದಲ್ಲಿ ಊರಿನ ಸತ್ತ ದನ ಎಳೆಯುತ್ತಿದ್ದವರು. ಯಾರ ಕೊಟ್ಟಿಗೆಯಲ್ಲಿ ಎತ್ತು, ಎಮ್ಮೆ ಸತ್ತರೂ ಕೇರಿಗೆ ಹೇಳಿಕಳಿಸುತ್ತಿದ್ದರು. ಗಳುವಿಗೆ ಕಟ್ಟಿ ಹೊತ್ತೋ, ಗಾಡಿಗೆ ಹಾಕಿಯೋ ಊರಾಚೆಯ ಗೋಮಾಳದ ಅಂಚಿಗೆ ಒಯ್ದು ಚರ್ಮ ಸುಲಿಯಬೇಕು. ಚರ್ಮ, ಒಂದಿಷ್ಟು ಮಾಂಸ, ಸುಗ್ಗಿಯಲ್ಲಿ ಕೊಡುವ ಒಂದಿಷ್ಟು ರಾಗಿ, ಇವು ಕೂಲಿ. ಕೊಟ್ಟಿಗೆಯ ಒಳಗೆ ಬಂದು ದನ ಎತ್ತಬಹುದಿತ್ತು. ಬದುಕಿದ್ದ ದನಕ್ಕೆ ನೀರು ಕುಡಿಸುವ ಬಾವಿಯನ್ನು ಮುಟ್ಟುವಂತಿರಲಿಲ್ಲ.

ಸುಲಿಯಲು ಚೂರಿ ಹಾಕುವ ಮೊದಲೇ ಆಕಾಶದಲ್ಲಿ ಚುಕ್ಕೆಗಳು ಕಾಣಿಸುತ್ತಿದ್ದವಂತೆ. ಒಂದು, ಎರಡು, ಆಮೇಲೆ ಲೆಕ್ಕವಿಲ್ಲದಷ್ಟು. ಮರದ ಮೇಲೆ, ಬದುವಿನ ಮೇಲೆ ಕೂತು ಕಾಯುತ್ತಿದ್ದವು. ‘ನಾವು ಚರ್ಮ ಬುಡ್ಸಿ ಈಚೆಗೆ ಬರಗಂಟ ಸುಮ್ನೆ ಕುಂತಿರೋವು. ಬಂದೇಟ್ಗೇ ಮುಗಿಬೀಳೋವು. ಎಲೆಅಡಿಕೆ ಆಕ್ಕಂಡು ಉಗಿಯೋ ಒತ್ಗೆ ಬರೀ ಮೂಳೆ.’ ಆ ಮೂಳೆಯನ್ನು ಆರಿಸಿಕೊಂಡು ಹೋಗಿ ಗೊಬ್ಬರಕ್ಕೆ ಮಾರುವವರು ಬೇರೆ ಇದ್ದರು.

ತಾತ ಹೇಳಿದ್ದು ವಿಜ್ಞಾನಕ್ಕೂ ಸರಿಹೊಂದುತ್ತದೆ. ಹೆಣದ ಸುತ್ತ ಸೇರುವ ಎಲ್ಲ ರಣಹದ್ದುಗಳೂ ಒಂದೇ ಎಂದು ನಾವು ತಿಳಿಯುತ್ತೇವೆ. ಅಲ್ಲಿ ಪಂಕ್ತಿಭೇದವಿಲ್ಲದಿದ್ದರೂ ಪಾಲು ಬೇರೆ ಬೇರೆ. ಬಿಳಿಬೆನ್ನಿನ ರಣಹದ್ದು, ಉದ್ದಕೊಕ್ಕಿನ ರಣಹದ್ದು ಒಂದೇ ಕುಲದವು. ಅವುಗಳ ಕತ್ತು ಉದ್ದ, ಹೆಚ್ಚುಕಡಿಮೆ ಬೋಳು. ಹೆಣದ ಒಳಕ್ಕೆ ಕತ್ತು ತೂರಿಸಿ ಮೆತ್ತನೆಯ ಮಾಂಸ, ಕರುಳು, ಈಲಿ ತಿನ್ನುತ್ತವೆ. ಜಾರುವ ಮಾಂಸವನ್ನು ಹಿಡಿದೆಳೆಯಲು ಅವುಗಳ ನಾಲಗೆಯ ಮೇಲೆ ಹಿಮ್ಮುಖವಾದ ಮುಳ್ಳುಗಳಿವೆ. ಆದರೆ ಎಮ್ಮೆಯ ದಪ್ಪ ಚರ್ಮವನ್ನು ಮೊದಲಿಗೆ ಹರಿಯುವುದು ಅವುಗಳಿಗೆ ಕಷ್ಟ. ಸುಲಿದ ಹೆಣ ಸಿಕ್ಕರೆ ಕೆಲಸ ಸಲೀಸು. ಹಾಗಾಗಿ ಅವು ತಾತನಿಗಾಗಿ ಕಾಯುತ್ತಿದ್ದುದರಲ್ಲಿ ಅರ್ಥವಿದೆ.

ಕೆಂಪುತಲೆಯ ರಣಹದ್ದಿನ ರೀತಿಯೇ ಬೇರೆ. ಅದು ದೊಡ್ಡ ಹಿಂಡಿನಲ್ಲಿ ಬರುವುದಿಲ್ಲ, ಒಂಟಿಯಾಗಿಯೋ ಜೋಡಿಯಾಗಿಯೋ ಬರುತ್ತದೆ. ಅದರ ಕೊಕ್ಕು ಚರ್ಮ, ನರದಂಥ ಗಡಸು ಭಾಗಗಳನ್ನೂ ಹರಿಯಬಲ್ಲದು. ಬಿಳಿ ರಣಹದ್ದು ಗಾತ್ರದಲ್ಲಿ ಚಿಕ್ಕದು, ಕೊಕ್ಕು ತೆಳು. ದೊಡ್ಡವರ ಊಟ ಮುಗಿಯಲಿ ಎಂದು ಅಂಚಿನಲ್ಲಿ ಕಾದು ಚೂರುಪಾರು ಹೆಕ್ಕುತ್ತದೆ. ಸಗಣಿಯನ್ನೂ ತಿನ್ನುತ್ತದೆ. ಅದರ ಮುಖದ ಹಳದಿಗೆ ಬೇಕಾದ ಬಣ್ಣದ ಅಂಶ ಸಗಣಿಯಿಂದಲೇ ಸಿಗುತ್ತದೆ ಎಂದು 2002ರಲ್ಲಿ ವಿಜ್ಞಾನಿಗಳು ತೋರಿಸಿದರು. ಇದೇ ಹಕ್ಕಿ ಕಲ್ಲು ಎತ್ತಿ ಎಸೆದು ಉಷ್ಟ್ರಪಕ್ಷಿಯ ಮೊಟ್ಟೆ ಒಡೆಯುವುದನ್ನು ಜೇನ್ ಗುಡಾಲ್ ಆಫ್ರಿಕಾದಲ್ಲಿ ಕಂಡು 1966ರಲ್ಲಿ ದಾಖಲಿಸಿದ್ದರು. ಹಿಮಾಲಯದ ಗಡ್ಡದ ರಣಹದ್ದಂತೂ ಮುಖ್ಯವಾಗಿ ಮೂಳೆಯನ್ನೇ ತಿನ್ನುತ್ತದೆ. ನುಂಗಲಾಗದ ಮೂಳೆಯನ್ನು ಎತ್ತರಕ್ಕೆ ಒಯ್ದು ಬಂಡೆಯ ಮೇಲೆ ಬೀಳಿಸಿ ಒಡೆಯುತ್ತದೆ.

ಒಂದೊಂದು ಹಕ್ಕಿಯ ಕೊಕ್ಕು, ಕತ್ತು, ನಾಲಗೆ, ಜಠರದ ತೀಕ್ಷ್ಣ ಆಮ್ಲ, ಎಲ್ಲವೂ ಹೆಣವೆಂಬ ಒಂದೇ ಊಟಕ್ಕೆ ಹೊಂದಿಕೊಂಡು ರೂಪುಗೊಂಡಿವೆ. ಇದನ್ನು ಓದುವಾಗಲೆಲ್ಲ ನನಗೆ ಬೆರಗು. ನಾನು ತಪ್ಪು ಮಾಡಿದ್ದೂ ಈ ಬೆರಗಿನ ಬೆನ್ನಿಗೇ.

*

‘ಹುಟ್ಟಿನಿಂದಲೇ ಒಂದು ಕೆಲಸಕ್ಕೆ ತಕ್ಕಂತೆ ರೂಪುಗೊಂಡವರು’ ಎಂಬ ಮಾತನ್ನು ಹಕ್ಕಿಯ ಬಗ್ಗೆ ಹೇಳಿದರೆ ಅದು ಜೀವವಿಜ್ಞಾನ. ಇದೇ ಮಾತನ್ನು ನಮ್ಮ ದೇಶದಲ್ಲಿ ಮನುಷ್ಯರ ಬಗ್ಗೆ ಸಾವಿರಾರು ವರ್ಷ ಹೇಳಿದ್ದೇವೆ. ಇಂಗ್ಲಿಷಿನ ‘ಸ್ಕ್ಯಾವೆಂಜರ್’ ಎಂಬ ಪದ ಹೆಣ ತಿನ್ನುವ ಹಕ್ಕಿಗೂ ಮಲ ಬಾಚುವ ಮನುಷ್ಯನಿಗೂ ಒಂದೇ. ಕನ್ನಡದ ‘ಜಾಡಮಾಲಿ’ ಮನುಷ್ಯನಿಗೆ ಮಾತ್ರ ಇದ್ದ ಪದ, ನಾವು ಅದನ್ನು ಹಕ್ಕಿಗೆ ಕೊಂಡೊಯ್ದೆವು. ಹಾಗೆ ಕೊಂಡೊಯ್ದಾಗ ಪದ ಒಂದೇ ದಿಕ್ಕಿನಲ್ಲಿ ಚಲಿಸುವುದಿಲ್ಲ. ಹಕ್ಕಿ ಜಾಡಮಾಲಿಯಾದರೆ, ಜಾಡಮಾಲಿಯೂ ಹಕ್ಕಿಯಂತೆ ಪ್ರಕೃತಿಯೇ ಮಾಡಿಟ್ಟವನಾಗಿಬಿಡುತ್ತಾನೆ. ನನ್ನ ಭಾಷಣ ಕೇಳಿದ ಯಾರೂ ಹಾಗೆ ಯೋಚಿಸಿರಲಿಕ್ಕಿಲ್ಲ. ತಾತ ಯೋಚಿಸಿದರು.

ತಾತ ಆ ಕೆಲಸವನ್ನು ಸಾಯುವವರೆಗೆ ಮಾಡಲಿಲ್ಲ. ಸತ್ತ ದನದ ಮಾಂಸ ತಿನ್ನುವುದನ್ನು ಬಿಡಿ ಎಂದು ಅಂಬೇಡ್ಕರ್ 1927ರಲ್ಲಿ ಮಹಾಡ್‌ನ ಸಮಾವೇಶದಲ್ಲೇ ಕರೆ ಕೊಟ್ಟಿದ್ದರು. ನಮ್ಮ ಕೇರಿಗೆ ಆ ಮಾತು ಬರಲು ಅರ್ಧ ಶತಮಾನ ಹಿಡಿಯಿತು. ಪಕ್ಕದ ಹುಣಸೂರಿನ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ ಅವರ ಸಂಪುಟದ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಅದೇ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿತು. ಅದರ ಹಾಡುಗಳು ಊರೂರಿಗೆ ಬಂದವು. ನಮ್ಮ ಕೇರಿಯ ಹುಡುಗರು ಒಂದು ರಾತ್ರಿ ಕೂತು, ನಾಳೆಯಿಂದ ದನ ಎಳೆಯುವುದಿಲ್ಲ ಎಂದು ತೀರ್ಮಾನಿಸಿದರು. ಕೆಲವು ತಿಂಗಳು ಊರಿನವರು ಕೂಲಿಗೆ ಕರೆಯಲಿಲ್ಲ, ಅಂಗಡಿಯಲ್ಲಿ ಸಾಲ ಕೊಡಲಿಲ್ಲ. ಆಮೇಲೆ ಅವರವರ ದನವನ್ನು ಅವರವರೇ ಹೂಳತೊಡಗಿದರು. ಸಾವಿರಾರು ವರ್ಷ ಇವರಿಂದಲೇ ಆಗಬೇಕು ಎಂದಿದ್ದ ಕೆಲಸಕ್ಕೆ ಒಂದು ಗುದ್ದಲಿ ಸಾಕಾಯಿತು.

ಭಾಷಣದ ಮರುದಿನ ಈ ಕತೆಯನ್ನು ಮತ್ತೊಮ್ಮೆ ಕೇಳಿ, ‘ಹಾಗಾದರೆ ನೀವು ಬಿಟ್ಟ ಮೇಲೆ ಹದ್ದುಗಳಿಗೆ ಊಟ ಇಲ್ಲದಂಗಾಯ್ತಾ ತಾತ?’ ಎಂದೆ. ಅವರು ತಲೆ ಅಲ್ಲಾಡಿಸಿದರು. ಆಮೇಲೂ ಬಹಳ ವರ್ಷ ಇದ್ದವಂತೆ. ‘ನಿಮ್ಮಪ್ಪನ್ ಮದ್ವೆ ಒತ್ಗೂ ಇದ್ದೊ. ಆಮೇಕೆ ಕಾಣ್ನಿಲ್ಲ.’ ಸ್ವಲ್ಪ ತಡೆದು ಹೇಳಿದರು: ‘ನಾವು ಬುಡಬೈದಾಗಿತ್ತು, ಬುಟ್ಟೊ. ಅವು ಏನ್ ಬುಟ್ಟಾವು?’

ನಾನು ಓದಿದ ನೀತಿಶಾಸ್ತ್ರದ ಪುಸ್ತಕಗಳಲ್ಲಿ ಈ ವ್ಯತ್ಯಾಸವನ್ನು ಇಷ್ಟು ಚಿಕ್ಕದಾಗಿ ಯಾರೂ ಹೇಳಿರಲಿಲ್ಲ. ತಾತನಿಗೆ ಆ ಕೆಲಸ ಹೇರಿಕೆ. ಅದನ್ನು ಕಳಚಿದ ಮೇಲೂ ಅವರು ಉಳಿದರು, ಇನ್ನಷ್ಟು ಅವರೇ ಆಗಿ ಉಳಿದರು. ಹದ್ದಿಗೆ ಹೆಣ ಹೇರಿಕೆಯಲ್ಲ, ಅದರ ದೇಹವೇ ಅದು. ಅದನ್ನು ಬಿಟ್ಟು ಉಳಿಯುವ ಬೇರೊಂದು ಹದ್ದು ಇಲ್ಲ.

*

ಹದ್ದುಗಳಿಗೆ ಏನಾಯಿತು ಎಂಬುದು ಈಗ ಗೊತ್ತಿರುವ ಸಂಗತಿ. 1990ರ ದಶಕದಲ್ಲಿ ಡೈಕ್ಲೊಫೆನಾಕ್ ಎಂಬ ನೋವುನಿವಾರಕ ದನಗಳಿಗೂ ಅಗ್ಗವಾಗಿ ಸಿಗತೊಡಗಿತು. ಔಷಧಿ ಪಡೆದ ಕೆಲವೇ ದಿನಗಳಲ್ಲಿ ದನ ಸತ್ತರೆ ಅದರ ಅಂಶ ಹೆಣದಲ್ಲಿ ಉಳಿಯುತ್ತಿತ್ತು. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಡುತ್ತದೆ, ಯೂರಿಕ್ ಆಮ್ಲ ಒಳ ಅಂಗಗಳ ಮೇಲೆ ಸುಣ್ಣ ಬಳಿದಂತೆ ಕೂರುತ್ತದೆ, ಹಕ್ಕಿ ಕತ್ತು ಜೋತುಹಾಕಿ ಕೊಂಬೆಯ ಮೇಲೆ ಕೂತು ಸಾಯುತ್ತದೆ. ಭರತಪುರದಲ್ಲಿ ವಿಭು ಪ್ರಕಾಶ್ ಹದ್ದುಗಳು ಕಡಿಮೆಯಾಗುತ್ತಿರುವುದನ್ನು ಮೊದಲು ಗುರುತಿಸಿದರು. ಕಾರಣ ಈ ಔಷಧಿಯೇ ಎಂಬುದು ಪಾಕಿಸ್ತಾನದಲ್ಲಿ ನಡೆದ ಅಧ್ಯಯನದಿಂದ 2004ರಲ್ಲಿ ಖಚಿತವಾಯಿತು. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ಹೆಣದಲ್ಲಿ ಔಷಧಿ ಇದ್ದರೂ ಇಡೀ ಸಂತತಿ ಕುಸಿಯಲು ಸಾಕಾಗಿತ್ತು. ಒಂದು ಹೆಣಕ್ಕೆ ಹತ್ತಾರು ಹಕ್ಕಿ ಮುಗಿಬೀಳುತ್ತವೆ, ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. 1992ರಿಂದ 2007ರ ನಡುವೆ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಸಾವಿರಕ್ಕೆ 999 ಇಲ್ಲವಾದವು.

2006ರಲ್ಲಿ ದನಗಳಿಗೆ ಈ ಔಷಧಿ ಕೊಡುವುದನ್ನು ಭಾರತ ಸರ್ಕಾರ ನಿಷೇಧಿಸಿತು. ಮನುಷ್ಯರಿಗೆಂದು ಮಾರುವ ದೊಡ್ಡ ಬಾಟಲಿಗಳು ಕೊಟ್ಟಿಗೆ ಸೇರುತ್ತಿದ್ದುದರಿಂದ 2015ರಲ್ಲಿ ಅದನ್ನು 3 ಮಿ.ಲೀ.ಗೆ ಇಳಿಸಿತು. ಹದ್ದಿಗೆ ಅಪಾಯಕಾರಿಯಾದ ಕೀಟೊಪ್ರೊಫೆನ್, ಅಸೆಕ್ಲೊಫೆನಾಕ್‌ಗಳನ್ನು 2023ರಲ್ಲಿ ನಿಷೇಧಿಸಿತು. ಮೆಲಾಕ್ಸಿಕಾಮ್ ಎಂಬ ಔಷಧಿ ದನಕ್ಕೂ ಒಳ್ಳೆಯದು, ಹದ್ದಿಗೂ ಅಪಾಯವಿಲ್ಲ.

ಇಲ್ಲಿ ತಪ್ಪಿತಸ್ಥ ಯಾರು? ಎತ್ತು ಕುಂಟಿದಾಗ ಅದರ ನೋವು ನೋಡಲಾಗದೆ ಸೂಜಿ ಹಾಕಿಸಿದ ರೈತನನ್ನು ನಾನು ದೂರಲಾರೆ. ನಮ್ಮಪ್ಪನೂ ಹಾಕಿಸಿದ್ದಿರಬೇಕು. ಕನ್ನಡದ ಮಕ್ಕಳಿಗೆಲ್ಲ ತಿನ್ನುವುದರ ನೀತಿಯನ್ನು ಮೊದಲು ಕಲಿಸುವುದು ಪುಣ್ಯಕೋಟಿಯ ಕತೆ. ಅಲ್ಲಿ ಹುಲಿಗೆ ಹಸುವಿನ ಸತ್ಯ ಕಣ್ಣಮುಂದೆ ಕಾಣುತ್ತದೆ, ನಾಚಿ ಪ್ರಾಣ ಬಿಡುತ್ತದೆ. ನಮ್ಮ ಕಾಲದ ಕತೆಯಲ್ಲಿ ಯಾರಿಗೂ ಯಾರೂ ಕಾಣುವುದಿಲ್ಲ. ರೈತನ ಕರುಣೆ ನಿಜ, ಹಸುವಿನ ನೋವು ಇಳಿದದ್ದೂ ನಿಜ, ಆ ಕರುಣೆಯ ಇನ್ನೊಂದು ತುದಿಯಲ್ಲಿ ಹಕ್ಕಿಯೊಂದು ಕತ್ತು ಜೋತುಹಾಕಿ ಕೂತಿತ್ತು. ತಿಳಿಯದೆ ಮಾಡಿದ್ದಕ್ಕೆ ಪಾಪವಿಲ್ಲ ಎನ್ನೋಣ. ತಿಳಿದ ಮೇಲೆ ಏನು ಮಾಡುತ್ತೇವೆ ಎಂಬುದಕ್ಕೆ ಮಾತ್ರ ಆ ವಿನಾಯಿತಿ ಇಲ್ಲ.

*

ತಿಳಿದ ಮೇಲೆ ನಾವು ಮಾಡಿದ ಮೊದಲ ಕೆಲಸವೆಂದರೆ ಲೆಕ್ಕ. 2024ರಲ್ಲಿ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರು ಒಂದು ಪ್ರಬಂಧ ಪ್ರಕಟಿಸಿದರು. ಹದ್ದುಗಳಿಗೆ ಅನುಕೂಲವಾಗಿದ್ದ ಜಿಲ್ಲೆಗಳನ್ನೂ ಉಳಿದ ಜಿಲ್ಲೆಗಳನ್ನೂ ಹೋಲಿಸಿ, ಹದ್ದು ಮರೆಯಾದ ಕಡೆ ಮನುಷ್ಯರ ಸಾವಿನ ಪ್ರಮಾಣ ಶೇಕಡಾ 4ಕ್ಕಿಂತ ಹೆಚ್ಚು ಏರಿತೆಂದು ಅವರು ತೋರಿಸಿದರು. ಕೊಳೆಯುವ ಹೆಣ, ಕೆಟ್ಟ ನೀರು, ಹೆಚ್ಚಿದ ಬೀದಿನಾಯಿ, ಹುಚ್ಚುನಾಯಿ ಕಡಿತ ಇವೆಲ್ಲ ಕಾರಣ. 2000ದಿಂದ 2005ರ ನಡುವೆ ಸುಮಾರು 5 ಲಕ್ಷ ಹೆಚ್ಚುವರಿ ಸಾವು, ವರ್ಷಕ್ಕೆ ಸುಮಾರು 69 ಶತಕೋಟಿ ಡಾಲರ್ ನಷ್ಟ ಎಂದು ಅವರ ಅಂದಾಜು.

ಈ ಲೆಕ್ಕ ಬೇಕು. ಫೈಲು ಮುಂದೆ ಸಾಗಿಸಲು ಇಂಥದ್ದೊಂದು ಸಂಖ್ಯೆ ಇಲ್ಲದಿದ್ದರೆ ಆಗುವುದಿಲ್ಲ ಎಂದು ನನಗೂ ಗೊತ್ತು. ನಾನು ಕೇಳುವುದು ಬೇರೆ ಪ್ರಶ್ನೆ. ಉಪಯೋಗವೇ ಗೌರವಕ್ಕೆ ಆಧಾರವಾದರೆ, ಅದೇ ಉಪಯೋಗವನ್ನು ಬೇರೊಂದು ಮಾಡಿಕೊಟ್ಟ ದಿನ ಗೌರವ ಎಲ್ಲಿ ಹೋಗುತ್ತದೆ? ಊರೂರಲ್ಲೂ ಜೆಸಿಬಿ ಇದೆ. ಗುಂಡಿ ತೋಡಿ ಸುಣ್ಣ ಹಾಕಿ ದನ ಹೂತರೆ ರೋಗವೂ ಇಲ್ಲ, ನಾಯಿಯೂ ಇಲ್ಲ. ಆಗ ಹದ್ದು ಬೇಡವೇ? ಕಾಂಟ್ 1785ರಲ್ಲೇ ಹೇಳಿದ್ದ: ಯಾವುದರ ಜಾಗದಲ್ಲಿ ಸಮಾನವಾದ ಇನ್ನೊಂದನ್ನು ಇಡಬಹುದೋ ಅದಕ್ಕಿರುವುದು ಬೆಲೆ, ಯಾವುದಕ್ಕೆ ಸಮಾನವೇ ಇಲ್ಲವೋ ಅದಕ್ಕಿರುವುದು ಘನತೆ. ಕಾಂಟ್ ಘನತೆಯನ್ನು ಮನುಷ್ಯರಂಥ ವಿವೇಕಜೀವಿಗಳಿಗೆ ಮಾತ್ರ ಮೀಸಲಿಟ್ಟ. ನಾವಾದರೋ ನಮ್ಮ ಊರುಗಳಲ್ಲಿ ಮನುಷ್ಯರಿಗೂ ಅದನ್ನು ಕೊಟ್ಟಿರಲಿಲ್ಲ.

ಯಂತ್ರದ ಉದಾಹರಣೆಯನ್ನು ಎರಡೂ ಕಡೆ ಇಟ್ಟು ನೋಡಿದರೆ ರೂಪಕ ಒಡೆಯುತ್ತದೆ. ಮ್ಯಾನ್‌ಹೋಲಿಗೆ ಇಳಿಯುವ ಮನುಷ್ಯನ ಜಾಗಕ್ಕೆ ಯಂತ್ರ ಬರಲಿ ಎಂದು ನಾವು ಕೇಳಬೇಕು. 2013ರ ಕಾಯ್ದೆ ಬಂದ ಮೇಲೂ ಜನ ಅಲ್ಲಿ ಉಸಿರುಗಟ್ಟಿ ಸಾಯುತ್ತಿದ್ದಾರೆ. ಅಲ್ಲಿ ಯಂತ್ರ ಬಂದರೆ ಮನುಷ್ಯನಿಗೆ ಬಿಡುಗಡೆ. ಹದ್ದಿನ ಜಾಗಕ್ಕೆ ಯಂತ್ರ ಬಂದರೆ ಹದ್ದಿಗೆ ಉಪವಾಸ. ‘ಅವರು ಸಮಾಜಕ್ಕೆ ಎಷ್ಟು ಉಪಯುಕ್ತ ನೋಡಿ’ ಎಂದು ಪೌರಕಾರ್ಮಿಕನನ್ನು ಹೊಗಳುವುದು ಅವನನ್ನು ಅಲ್ಲೇ ಇರಿಸುವ ಹೊಗಳಿಕೆ. ಅದೇ ಮಾತಿನಿಂದ ಹದ್ದನ್ನು ಹೊಗಳಿದರೆ, ಅದು ಬೇಡವಾದ ದಿನ ಕೈಬಿಡಲು ದಾರಿ ಮಾಡಿಟ್ಟಂತೆ. ಒಂದೇ ಪದ ಇಬ್ಬರಿಗೂ ಅನ್ಯಾಯ ಮಾಡುತ್ತದೆ, ಬೇರೆ ಬೇರೆ ರೀತಿಯಲ್ಲಿ.

ನಿಜ ಹೇಳಬೇಕೆಂದರೆ ಹದ್ದು ಕೆಲಸವನ್ನೇ ಮಾಡುತ್ತಿಲ್ಲ. ಅದು ಊಟ ಮಾಡುತ್ತಿದೆ. ಊಟವನ್ನು ಸೇವೆ ಎಂದು ಕರೆದವರು ನಾವು.

*

ಹಾಗಾದರೆ ಉಪಯೋಗದ ಹೊರಗೆ ಹದ್ದನ್ನು ಕಂಡವರು ಯಾರೂ ಇಲ್ಲವೇ? ರಾಮಾಯಣದ ಜಟಾಯು ನೆನಪಾಗುತ್ತಾನೆ. ಸತ್ತ ಜಟಾಯುವಿಗೆ ರಾಮನೇ ಮಗನಂತೆ ಸಂಸ್ಕಾರ ಮಾಡುತ್ತಾನೆ. ‘ಶೋಲೆ’ ಚಿತ್ರೀಕರಣವಾದ ರಾಮನಗರದ ರಾಮದೇವರ ಬೆಟ್ಟದಲ್ಲಿ 2012ರಲ್ಲಿ ಸುಮಾರು 346 ಹೆಕ್ಟೇರನ್ನು ರಣಹದ್ದು ಧಾಮವೆಂದು ಘೋಷಿಸಿದಾಗಲೂ ಜಟಾಯುವನ್ನು ಬಹಳ ಜನ ನೆನೆದರು. ಆದರೆ ಜಟಾಯುವಿಗೆ ಗೌರವ ಸಂದದ್ದು ಸೀತೆಗಾಗಿ ಹೋರಾಡಿದ್ದಕ್ಕೆ. ಅವನು ಏನು ತಿನ್ನುತ್ತಿದ್ದ ಎಂದು ನಾವು ಕೇಳುವುದಿಲ್ಲ.

ಇನ್ನೊಂದು ಉತ್ತರ ನಮ್ಮ ತಾಲ್ಲೂಕಿನಲ್ಲೇ ಇದೆ. ಬೈಲಕುಪ್ಪೆಗೆ 1960ರ ದಶಕದ ಆರಂಭದಲ್ಲಿ ಟಿಬೆಟನ್ನರು ಬಂದು ನೆಲೆಸಿದರು. ಅವರ ನಾಡಿನಲ್ಲಿ ಸತ್ತವರ ದೇಹವನ್ನು ಬೆಟ್ಟದ ಮೇಲೆ ರಣಹದ್ದುಗಳಿಗೆ ಅರ್ಪಿಸುವ ಪದ್ಧತಿ ಇದೆ. ಅದಕ್ಕೆ ಅವರು ‘ಜಾತೋರ್’ ಎನ್ನುತ್ತಾರೆ, ಹಕ್ಕಿಗಳಿಗೆ ಭಿಕ್ಷೆ ಎಂದು ಅರ್ಥ. ನೆಲ ಗಡಸು, ಸೌದೆ ಕಡಿಮೆ ಎಂಬ ಕಾರಣಗಳೂ ಅದರ ಹಿಂದಿವೆ. ಆದರೂ ಆ ಪದದಲ್ಲಿ ಹದ್ದು ಆಳಲ್ಲ, ದಾನ ಪಡೆಯುವ ಜೀವ. ಉಣಬಡಿಸುವವನು ಮನುಷ್ಯ, ಬಡಿಸುವುದು ತನ್ನನ್ನೇ. ನನ್ನ ಜೊತೆ ಪದವಿ ಓದಿದ ಟಿಬೆಟನ್ ಗೆಳತಿಯ ಅಜ್ಜಿ ಬೈಲಕುಪ್ಪೆಯಲ್ಲಿ ತೀರಿಕೊಂಡಾಗ ದಹನ ಮಾಡಿದರು. ಇಲ್ಲಿಗೆ ಬಂದವರು ಹೆಚ್ಚಾಗಿ ದಹನಕ್ಕೇ ಹೊಂದಿಕೊಂಡರು. ಅಜ್ಜಿಗೆ ಹಕ್ಕಿಗಳು ಸಿಗಲಿಲ್ಲ ಎಂದು ಅವಳ ತಾಯಿ ಅತ್ತರಂತೆ.

ಇದನ್ನು ಮೊದಲು ಕೇಳಿದಾಗ ಉತ್ತರ ಸಿಕ್ಕಿಬಿಟ್ಟಿತು ಅನ್ನಿಸಿತ್ತು. ಆಮೇಲೆ ಇನ್ನಷ್ಟು ಓದಿದೆ. ಹಳೆಯ ಲಾಸಾದಲ್ಲಿ ಹೆಣ ಸಾಗಿಸುತ್ತಿದ್ದ ರಾಗ್ಯಾಪ ಎಂಬ ಜನರನ್ನು ಊರು ಕೀಳಾಗಿ ಕಾಣುತ್ತಿತ್ತು. ಹಕ್ಕಿಗೆ ಕೈಮುಗಿದವರು ಹಕ್ಕಿಯವರೆಗೆ ದೇಹವನ್ನು ತಲುಪಿಸಿದ ಮನುಷ್ಯನನ್ನು ದೂರ ಇಟ್ಟಿದ್ದರು. ಇದನ್ನು ತಾತನಿಗೆ ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ. ‘ಎಲ್ಲಾ ಕಡೇಲೂ ಅಷ್ಟೇಯಾ’ ಎಂದರು.

ಹಾಗಾಗಿ ನನ್ನ ಬಳಿ ಇರುವುದು ಚಿಕ್ಕ ತೀರ್ಮಾನ. ಮನುಷ್ಯನ ಗೌರವ ಅವನ ಕೆಲಸದಿಂದ ಬರಬಾರದು, ಏಕೆಂದರೆ ಅವನು ಯಾವತ್ತೂ ತನ್ನ ಕೆಲಸಕ್ಕಿಂತ ಹೆಚ್ಚು. ಹದ್ದಿನ ಗೌರವವೂ ಕೆಲಸದಿಂದ ಬರಬಾರದು, ಏಕೆಂದರೆ ಅದು ನಮ್ಮ ಕೆಲಸಕ್ಕೆ ಬಂದದ್ದೇ ಅಲ್ಲ. ತಾತ ತಮ್ಮ ಪಾಲಿನದನ್ನು ಬಿಟ್ಟು ಬರಲು ನಾವು ದಾರಿ ಕೊಡಬೇಕಿತ್ತು, ಕೊಡಲಿಲ್ಲ; ಅವರೇ ಮಾಡಿಕೊಂಡರು. ಹದ್ದು ಬಿಟ್ಟು ಬರಲಾರದು. ಬಿಡಲಾರದವರ ತಟ್ಟೆಗೆ ವಿಷ ಹಾಕದಿರುವುದು ನಮ್ಮ ಹೊಣೆ. ಅವರಿಂದ ನಮಗೆ ಲಾಭವಿರಲಿ, ಇಲ್ಲದಿರಲಿ.

*

ನಾನು ಜೀವಂತ ರಣಹದ್ದನ್ನು ನೋಡಿದ್ದು ಒಂದೇ ಸಲ, ಎಚ್.ಡಿ. ಕೋಟೆ ಕಡೆಯ ಕಬಿನಿ ಹಿನ್ನೀರಿನ ಆಚೆ, ಒಣಮರದ ಮೇಲೆ. ನಾಗರಹೊಳೆ, ಬಂಡೀಪುರದ ಕಾಡುಗಳಲ್ಲಿ ಈಗಲೂ ಕೆಲವು ಉಳಿದಿವೆ. ಹುಲಿ ಹೊಡೆದ ಜಿಂಕೆಗೆ ಯಾರೂ ಸೂಜಿ ಹಾಕಿರುವುದಿಲ್ಲ.

ಊರಿನಲ್ಲಿ ದನ ಸುಲಿಯುತ್ತಿದ್ದ ಗೋಮಾಳದ ಅಂಚು ಈಗ ಹೊಗೆಸೊಪ್ಪಿನ ಹೊಲ. ಕಳೆದ ತಿಂಗಳು ನಮ್ಮ ಹಸು ಕೆಚ್ಚಲು ಬಾತು ಮಲಗಿಬಿಟ್ಟಿತು. ಡಾಕ್ಟರು ಬಂದು ಸೂಜಿ ಹಾಕಿದರು. ಖಾಲಿ ಬಾಟಲಿಯನ್ನು ಎತ್ತಿಕೊಂಡು ಹೆಸರು ಓದಿದೆ. ಮೆಲಾಕ್ಸಿಕಾಮ್. ನಾನು ಓದುವುದನ್ನು ನೋಡಿ ಡಾಕ್ಟರಿಗೆ ನಗು ಬಂತು. ‘ಇಲ್ಲೆಲ್ಲಿ ಹದ್ದು ಬರುತ್ತೆ ಮೇಡಂ, ಸತ್ತರೂ ನೀವು ಹೂಳೋದೇ ಅಲ್ವಾ?’ ಎಂದರು. ಅವರು ಹೇಳಿದ್ದು ಸರಿ. ಹೂತ ಹಸುವನ್ನು ಯಾವ ಹಕ್ಕಿಯೂ ತಿನ್ನುವುದಿಲ್ಲ.

ಜಗಲಿಯಿಂದ ತಾತ ಕೇಳಿದರು: ‘ಏನಂತವ್ವ, ಸರಿ ಇದ್ದದಾ?’

‘ಸರಿ ಇದೆ ತಾತ’ ಎಂದೆ.

ಹಸು ಮೂರನೆಯ ದಿನ ಎದ್ದು ನಿಂತಿತು. ಈ ಸೆಪ್ಟೆಂಬರಿನಲ್ಲೂ ಮಾತಾಡಲು ಕರೆದಿದ್ದಾರೆ. ಸ್ಲೈಡುಗಳು ಅವೇ. ಕೊನೆಯ ಸ್ಲೈಡಿನ ಆ ಒಂದು ಸಾಲನ್ನು ಮಾತ್ರ ತೆಗೆದಿದ್ದೇನೆ. ಅಲ್ಲಿ ಏನು ಬರೆಯಬೇಕೆಂದು ಇನ್ನೂ ಹೊಳೆದಿಲ್ಲ.